ಕೆಂಪಿನ ಆಚೆಗಿನ ಕಾವು

ಜರ್ಮನಿಯಲ್ಲೋ, ಇಂಗ್ಲೆಂಡಿನಲ್ಲೋ, ಕೆನಡಾದಲ್ಲೋ ಇರುವ ನೀವು ನವೆಂಬರ್ ತಿಂಗಳಲ್ಲಿ ಒಮ್ಮೆಯಾದರೂ ಕೆಫೆಯ ಹೊರಗಡೆ ಕುರ್ಚಿ ಹಾಕಿಕೊಂಡು ಕೂತಿರುತ್ತೀರಿ. ತಲೆಯ ಮೇಲೆ ಒಂದು ಕೊಳವೆ ಕೆಂಪಗೆ ಉರಿಯುತ್ತಿರುತ್ತೆ. ಮುಖ, ಕೈ ಬೆಚ್ಚಗಿರುತ್ತೆ, ಬೆನ್ನು ಮಾತ್ರ ಚಳಿಗೆ ನಡುಗುತ್ತಿರುತ್ತೆ. ಕಾಫಿ ತಂದುಕೊಡುವವರು ನಿಮಗೂ ಆ ಕೊಳವೆಗೂ ಮಧ್ಯೆ ಬಂದು ನಿಂತರೆ, ಮೋಡ ಬಂದು ಬಿಸಿಲು ಹೋದ ಹಾಗೆ ಬೆಚ್ಚಗಿದ್ದದ್ದು ತಟ್ಟನೆ ಹೋಗಿಬಿಡುತ್ತೆ. ಅಂದ್ರೆ ಸುತ್ತಲಿನ ಗಾಳಿ ತಣ್ಣಗೇ ಇದೆ. ಕೊಳವೆ ಬಿಸಿ ಮಾಡುತ್ತಿದ್ದದ್ದು ಗಾಳಿಯನ್ನಲ್ಲ, ನಿಮ್ಮನ್ನು.

ಹೀಗೆ ದೂರದಿಂದ ಬಂದು ತಾಗುವ ಬಿಸಿಗೆ ನಮ್ಮಲ್ಲಿ ಒಂದು ಒಳ್ಳೆಯ ಪದ ಇದೆ: ಕಾವು. ಕೋಳಿ ಮೊಟ್ಟೆಗೆ ಕೊಡೋದು ಕಾವು. ಒಲೆ ಮುಂದೆ ಕೂತರೆ ಮೈಗೆ ತಾಗೋದು ಕಾವು. ಕನ್ನಡ ಈಗ ಕಲಿಯುತ್ತಿರುವವರು ಈ ಪದವನ್ನು ಬರೆದಿಟ್ಟುಕೊಳ್ಳಿ, ಈ ಬರಹದುದ್ದಕ್ಕೂ ಬೇಕಾಗುತ್ತೆ.

ಕೆಫೆಯ ಆ ಕೊಳವೆಗೆ ಕ್ವಾರ್ಟ್ಜ್ ಹೀಟರ್ ಅಂತ ಹೆಸರು. ಅದರ ಅಣ್ಣತಮ್ಮಂದಿರು ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತಾರೆ. ಕಾರಿನ ಬಣ್ಣ ಒಣಗಿಸೋಕೆ, ನೀರಿನ ಪ್ಲಾಸ್ಟಿಕ್ ಬಾಟಲಿ ಊದೋಕೆ, ಫೋನಿನ ಚಿಪ್ಪಿಗೆ ಬೇಕಾದ ಸಿಲಿಕಾನ್ ಬಿಲ್ಲೆ ಕಾಯಿಸೋಕೆ ಇಂಥ ಕೊಳವೆಗಳನ್ನು ಬಳಸುತ್ತಾರೆ.

ನನ್ನ ಕೆಲಸ ಡೇಟಾ ಸೈನ್ಸ್. ಕೆಲವು ವರ್ಷಗಳ ಹಿಂದೆ ಫ್ರಾಂಕ್‌ಫರ್ಟ್ ಹತ್ತಿರದ ಒಂದು ಕಾರ್ಖಾನೆಯಲ್ಲಿ ಈ ಕೊಳವೆಗಳು ಅವಧಿಗೆ ಮುಂಚೆಯೇ ಯಾಕೆ ಒಡೆದುಹೋಗುತ್ತಿವೆ ಅಂತ ಕಂಡುಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ನಾನು ಚೆನ್ನಾಗಿಯೇ ಎಡವಿದೆ. ಎಲ್ಲಿ ಎಡವಿದೆ ಅಂತ ಹೇಳೋಕೆ ಮೊದಲು 1800ನೇ ಇಸವಿಗೆ ಹೋಗಬೇಕು.

ಬಣ್ಣ ಮುಗಿದ ಜಾಗದಲ್ಲಿ

ಲಂಡನ್ನಿಗೆ ಹೋದವರು ಹೀಥ್ರೋ ವಿಮಾನ ನಿಲ್ದಾಣದಲ್ಲಿ ಇಳಿದಿರುತ್ತೀರಿ. ಅದರ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲೇ ಸ್ಲೌ ಅನ್ನುವ ಊರಿದೆ. ವಿಲಿಯಂ ಹರ್ಷೆಲ್ ಅಲ್ಲಿ ವಾಸವಾಗಿದ್ದರು. ಅವರೂ ನಮ್ಮ ಹಾಗೆ ವಲಸೆ ಬಂದವರು. ಹುಟ್ಟಿದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಇಂಗ್ಲೆಂಡಿಗೆ ಬಂದಾಗ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಸಂಗೀತ. 1781ರಲ್ಲಿ ಯುರೇನಸ್ ಗ್ರಹ ಕಂಡುಹಿಡಿದ ಮೇಲೆ ರಾಜನ ಖಗೋಳಜ್ಞರಾದರು.

ಸೂರ್ಯನನ್ನು ದೂರದರ್ಶಕದಲ್ಲಿ ನೋಡುವಾಗ ಕಣ್ಣು ಉಳಿಸಿಕೊಳ್ಳೋಕೆ ಅವರು ಬೇರೆ ಬೇರೆ ಬಣ್ಣದ ಗಾಜುಗಳನ್ನು ಅಡ್ಡ ಇಡುತ್ತಿದ್ದರು. ಅಲ್ಲೊಂದು ವಿಚಿತ್ರ ಕಾಣಿಸಿತು. ಕೆಲವು ಗಾಜಿನಲ್ಲಿ ಬೆಳಕು ಕಡಿಮೆ, ಆದರೆ ಕಣ್ಣಿಗೆ ಬಿಸಿ ತಾಗುತ್ತೆ. ಇನ್ನು ಕೆಲವದರಲ್ಲಿ ಬೆಳಕು ಬೇಕಾದಷ್ಟು, ಬಿಸಿ ಮಾತ್ರ ಇಲ್ಲ. ಹಾಗಾದರೆ ಪ್ರತಿ ಬಣ್ಣಕ್ಕೂ ಅದರದೇ ಆದ ಬಿಸಿ ಇದೆಯಾ?

ಉತ್ತರ ಹುಡುಕೋಕೆ ಅವರು ಕಿಟಕಿಯಿಂದ ಬರುವ ಬಿಸಿಲಿಗೆ ಪ್ರಿಸಮ್ ಹಿಡಿದು, ಮೇಜಿನ ಮೇಲೆ ಬಿದ್ದ ಕಾಮನಬಿಲ್ಲಿನ ಬಣ್ಣಗಳಲ್ಲಿ ಒಂದೊಂದಾಗಿ ಥರ್ಮಾಮೀಟರ್ ಇಟ್ಟರು. ನೇರಳೆಯಲ್ಲಿ ಸುಮಾರು 2 ಡಿಗ್ರಿ ಫ್ಯಾರನ್‌ಹೀಟ್ ಏರಿತು, ಹಸಿರಿನಲ್ಲಿ 3ಕ್ಕಿಂತ ಸ್ವಲ್ಪ ಹೆಚ್ಚು, ಕೆಂಪಿನಲ್ಲಿ ಹತ್ತಿರ ಹತ್ತಿರ 7.

ಮುಂದಿನ ಕತೆಯನ್ನು ಶಾಲೆಯ ಪುಸ್ತಕಗಳಲ್ಲಿ ಆಕಸ್ಮಿಕ ಅನ್ನುವ ಹಾಗೆ ಹೇಳುತ್ತಾರೆ. ಒಂದು ಥರ್ಮಾಮೀಟರ್ ಅಕಸ್ಮಾತ್ತಾಗಿ ಕೆಂಪಿನ ಪಕ್ಕದಲ್ಲಿತ್ತು, ಅದು ಬಿಸಿಯಾಯಿತು, ಹರ್ಷೆಲ್ ಬೆರಗಾದರು ಅಂತ. ಆದರೆ ಅವರೇ ಬರೆದ ಲೇಖನಗಳು ಬೇರೆ ಹೇಳುತ್ತವೆ. ನೇರಳೆಯಿಂದ ಕೆಂಪಿನ ಕಡೆಗೆ ಅಂಕಿ ಏರುತ್ತಲೇ ಹೋಗುತ್ತಿದೆ, ಎಲ್ಲೂ ಇಳಿದಿಲ್ಲ, ಹಾಗಾದರೆ ಶಿಖರ ಇನ್ನೂ ಮುಂದೆ, ಕಣ್ಣಿಗೆ ಕಾಣದ ಕಡೆ ಇರಬಹುದು ಅಂತ ಅವರು ಮೊದಲೇ ಊಹಿಸಿದ್ದರು. ಆಮೇಲೆ ಬೇಕೆಂದೇ ಥರ್ಮಾಮೀಟರನ್ನು ಕೆಂಪಿನಾಚೆ, ಯಾವ ಬಣ್ಣವೂ ಬೀಳದ ಜಾಗಕ್ಕೆ ಸರಿಸಿದರು. ಅಲ್ಲಿಯ ಏರಿಕೆ ಕೆಂಪನ್ನೂ ಮೀರಿಸಿತ್ತು.

ಆ ಕಾಣದ ಕಿರಣಗಳಿಗೆ ಇನ್‌ಫ್ರಾರೆಡ್ ಅನ್ನುವ ಹೆಸರು ಆಮೇಲೆ ಬಂತು. ಕನ್ನಡದಲ್ಲಿ ಅವಕೆಂಪು ಅನ್ನುತ್ತೇವೆ. 'ಅವ' ಅಂದ್ರೆ ಕೆಳಗೆ. ಕೆಂಪಿನ ಕೆಳಗೆ ಇರುವುದು ಅಂತ ಅರ್ಥ.

ಮೂವತ್ತು ವರ್ಷ ಕಳೆದ ಮೇಲೆ ಇಟಲಿಯ ಮಾಚೆಡೋನಿಯೊ ಮೆಲ್ಲೋನಿ ಇನ್ನೊಂದು ವಿಷಯ ತೋರಿಸಿದರು. ಬೆಳಕಿಗೆ ದಾರಿ ಬಿಡುವ ಗಾಜು ಈ ಕಾವಿಗೆ ಬಹುಮಟ್ಟಿಗೆ ಗೋಡೆ ಇದ್ದ ಹಾಗೆ, ಆದರೆ ಕಲ್ಲುಪ್ಪಿನ ಹರಳು ಅದನ್ನು ಸಲೀಸಾಗಿ ಬಿಡುತ್ತೆ. ಅಂದ್ರೆ ಕಣ್ಣಿಗೆ ಪಾರದರ್ಶಕ ಅನ್ನಿಸಿದ್ದೆಲ್ಲ ಕಾವಿಗೂ ಪಾರದರ್ಶಕ ಅಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಎಷ್ಟು ಬಿಸಿಯಾದರೆ ಯಾವ ಅಲೆ?

ಈಗ 1890ರ ದಶಕದ ಬರ್ಲಿನ್. ಊರಿನ ಬೀದಿದೀಪಗಳಿಗೆ ಗ್ಯಾಸ್ ಒಳ್ಳೆಯದಾ, ವಿದ್ಯುತ್ ಒಳ್ಳೆಯದಾ ಅಂತ ದೊಡ್ಡ ಪೈಪೋಟಿ ನಡೆದಿತ್ತು. ದೀಪಗಳನ್ನು ಹೋಲಿಸಬೇಕಾದರೆ ಬೆಳಕಿಗೆ ಒಂದು ಸರಿಯಾದ ಅಳತೆಗೋಲು ಬೇಕು. ಅದಕ್ಕಾಗಿ ಅಲ್ಲಿನ ಸರ್ಕಾರಿ ಪ್ರಯೋಗಾಲಯದಲ್ಲಿ, ಕಾದ ವಸ್ತು ಯಾವ ಅಲೆಯುದ್ದದಲ್ಲಿ ಎಷ್ಟು ಶಕ್ತಿ ಸೂಸುತ್ತೆ ಅಂತ ವರ್ಷಗಟ್ಟಲೆ ಅಳೆದರು. ಅಲ್ಲಿದ್ದ ವಿಲ್ಹೆಲ್ಮ್ ವೀನ್ 1893ರಲ್ಲಿ ಒಂದು ಸರಳ ನಿಯಮ ಕೊಟ್ಟರು. ವಸ್ತು ಬಿಸಿಯಾದಷ್ಟೂ ಅದು ಅತಿ ಹೆಚ್ಚು ಸೂಸುವ ಅಲೆಯ ಉದ್ದ ಕಡಿಮೆಯಾಗುತ್ತೆ.

ಲೆಕ್ಕ ನೀವೇ ಮಾಡಬಹುದು. ತಾಪವನ್ನು ಕೆಲ್ವಿನ್‌ನಲ್ಲಿ ತೆಗೆದುಕೊಂಡು, 2,900ನ್ನು ಅದರಿಂದ ಭಾಗಿಸಿ. ಉತ್ತರ ಮೈಕ್ರಾನ್‌ನಲ್ಲಿ ಬರುತ್ತೆ. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್, ಅಂದ್ರೆ 0.5 ಮೈಕ್ರಾನ್. ಅದು ನಮಗೆ ಕಾಣುವ ಬೆಳಕು. ನಮ್ಮ ಮೈ ಸುಮಾರು 300 ಕೆಲ್ವಿನ್, ಅಂದ್ರೆ 10 ಮೈಕ್ರಾನಿನ ಹತ್ತಿರ. ಒಲೆಯ ಕೆಂಡ 800 ಡಿಗ್ರಿ ಸೆಲ್ಸಿಯಸ್ ಅಂತ ಇಟ್ಟುಕೊಂಡರೆ 2.7 ಮೈಕ್ರಾನ್. ಕಣ್ಣಿಗೆ ಕಾಣುವ ಕೆಂಪು 0.75 ಮೈಕ್ರಾನಿನ ಆಸುಪಾಸಿನಲ್ಲೇ ಮುಗಿದುಹೋಗುತ್ತೆ. ಹಾಗಾಗಿ ಕೆಂಡದ ಕೆಂಪು ಅದು ಕೊಡುವ ಶಕ್ತಿಯಲ್ಲಿ ತೀರಾ ಚಿಕ್ಕ ಪಾಲು. ಮಿಕ್ಕಿದ್ದೆಲ್ಲ ಕಾಣದ ಕಾವು.

ಆದರೆ ಉದ್ದದ ಅಲೆಗಳಲ್ಲಿ ವೀನ್ ಅವರ ಪೂರ್ತಿ ಸೂತ್ರ ಅಳತೆಗೆ ಹೊಂದುತ್ತಿರಲಿಲ್ಲ. 1900ರ ಅಕ್ಟೋಬರ್ 7, ಭಾನುವಾರ. ಪ್ರಯೋಗ ಮಾಡುತ್ತಿದ್ದ ಹೈನ್ರಿಶ್ ರೂಬೆನ್ಸ್ ಮ್ಯಾಕ್ಸ್ ಪ್ಲಾಂಕ್ ಮನೆಗೆ ಬಂದು ತಮ್ಮ ಹೊಸ ಅಂಕಿಗಳನ್ನು ಹೇಳಿದರು. ಅವರು ಹೋದ ಮೇಲೆ ಪ್ಲಾಂಕ್ ಹೊಸ ಸೂತ್ರ ಬರೆದರು. ಅದಕ್ಕೆ ಕಾರಣ ಹುಡುಕುತ್ತಾ ಹೋಗಿ, ಡಿಸೆಂಬರ್ 14ರಂದು, ಶಕ್ತಿ ಹರಿಯುವ ನೀರಿನ ಹಾಗಲ್ಲ, ಕಾಳಿನ ಹಾಗೆ ಬಿಡಿಬಿಡಿಯಾಗಿ ಇರುತ್ತೆ ಅನ್ನುವ ವಿಚಾರ ಮುಂದಿಟ್ಟರು. ಕ್ವಾಂಟಂ ಸಿದ್ಧಾಂತ ಶುರುವಾಗಿದ್ದು ಹೀಗೆ. ಅದರ ಬೇರು ಬೀದಿದೀಪದ ಜಗಳದಲ್ಲಿತ್ತು ಅಂದ್ರೆ ನಂಬ್ತೀರಾ?

ಬೆಣಚುಕಲ್ಲಿನ ಗಾಜು

ಹೀಟರ್ ಮಾಡೋಕೆ ಬೇಕಾದ ಲೆಕ್ಕ ಸಿಕ್ಕಿತು, ಸಾಮಾನು ಸಿಗಬೇಕಲ್ಲ. ಮಾಮೂಲಿ ಗಾಜು ಕಾವನ್ನು ತಡೆಯುತ್ತೆ, ಹೆಚ್ಚು ಬಿಸಿಗೆ ಮೆತ್ತಗಾಗುತ್ತೆ, ಒಮ್ಮೆಗೇ ತಣ್ಣಗಾದರೆ ಸೀಳುತ್ತೆ.

ನಾನಿರುವ ಫ್ರಾಂಕ್‌ಫರ್ಟಿನಿಂದ ಪೂರ್ವಕ್ಕೆ ರೈಲಿನಲ್ಲಿ ಸ್ವಲ್ಪ ಹೊತ್ತು ಹೋದರೆ ಹಾನೌ ಸಿಗುತ್ತೆ. ಕತೆ ಹೇಳುವ ಗ್ರಿಮ್ ಸಹೋದರರು ಹುಟ್ಟಿದ ಊರು. ಇಲ್ಲಿ 1851ರಲ್ಲಿ ವಿಲ್ಹೆಲ್ಮ್ ಕಾರ್ಲ್ ಹೆರೇಯಸ್ ತಂದೆಯ ಔಷಧಿ ಅಂಗಡಿ ವಹಿಸಿಕೊಂಡರು. ಊರಿನ ಚಿನಿವಾರರಿಗೆ ಪ್ಲಾಟಿನಂ ಕರಗಿಸಿಕೊಳ್ಳೋದು ಕಷ್ಟವಾಗಿತ್ತು. ಹೆರೇಯಸ್ ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿಸಿ ಉರಿಸಿ, ಆ ಜ್ವಾಲೆಯಲ್ಲಿ ಪ್ಲಾಟಿನಂ ಕರಗಿಸಿದರು. ಔಷಧಿ ಅಂಗಡಿ ಲೋಹದ ಕಂಪನಿಯಾಯಿತು. 1899ರಲ್ಲಿ ಅದೇ ಕಂಪನಿಯ ರಿಚರ್ಡ್ ಕ್ಯೂಖ್ ಅದೇ ಬಗೆಯ ಜ್ವಾಲೆಗೆ, ಸುಮಾರು 2,000 ಡಿಗ್ರಿಯಲ್ಲಿ, ಸ್ಫಟಿಕವನ್ನು ಹಿಡಿದರು. ಗುಳ್ಳೆಯಿಲ್ಲದ, ಅತಿ ಶುದ್ಧವಾದ ಕ್ವಾರ್ಟ್ಜ್ ಗಾಜು ಸಿಕ್ಕಿತು.

ಕ್ವಾರ್ಟ್ಜ್ ಅಂದ್ರೆ ನಮ್ಮ ಬೆಣಚುಕಲ್ಲು. ಚಿಕ್ಕವರಿದ್ದಾಗ ಎರಡು ಬಿಳಿ ಕಲ್ಲನ್ನು ಕತ್ತಲಲ್ಲಿ ಉಜ್ಜಿ ಕಿಡಿ ನೋಡಿದ್ದೀರಲ್ಲ, ಅದೇ. ಕರಗಿಸಿ ಗಾಜು ಮಾಡಿದರೆ ಅದರ ಗುಣವೇ ಬೇರೆ. ಒಂದು ಮೀಟರ್ ಉದ್ದದ ಉಕ್ಕಿನ ಸರಳನ್ನು 1,000 ಡಿಗ್ರಿ ಕಾಯಿಸಿದರೆ ಅದು 12 ಮಿಲಿಮೀಟರಿಗಿಂತ ಹೆಚ್ಚು ಉದ್ದವಾಗುತ್ತೆ. ಕ್ವಾರ್ಟ್ಜ್ ಕೊಳವೆ ಅರ್ಧ ಮಿಲಿಮೀಟರ್ ಮಾತ್ರ. ಹಿಗ್ಗೋದೇ ಇಲ್ಲ ಅನ್ನುವಷ್ಟು ಕಡಿಮೆ ಹಿಗ್ಗುವುದರಿಂದ, ಕೆಂಪಗೆ ಕಾದದ್ದನ್ನು ತಣ್ಣೀರಿಗೆ ಹಾಕಿದರೂ ಒಡೆಯಲ್ಲ. ಜೊತೆಗೆ ಸುಮಾರು 3.5 ಮೈಕ್ರಾನ್ ತನಕ ಕಾವನ್ನು ಹಾಗೇ ಹೊರಗೆ ಬಿಡುತ್ತೆ. ಮೆಲ್ಲೋನಿಯ ಕಲ್ಲುಪ್ಪಿಗೆ ಕಾರ್ಖಾನೆಯಲ್ಲಿ ಬಾಳುವ ಒಬ್ಬ ತಮ್ಮ ಸಿಕ್ಕ ಹಾಗಾಯಿತು.

ಒಳಗೆ ಉರಿಯೋಕೆ ತಂತಿ ಬೇಕಿತ್ತು. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕಲ್ ಮತ್ತು ಕ್ರೋಮಿಯಂ ಸೇರಿಸಿದ ತಂತಿಗೆ ಪೇಟೆಂಟ್ ಪಡೆದರು. ನಿಮ್ಮ ಮನೆಯ ಟೋಸ್ಟರಿನಲ್ಲಿ ಇರುವುದು ಸಾಮಾನ್ಯವಾಗಿ ಇದೇ. ಕಾದಾಗ ಮೈಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುವುದರಿಂದ ಗಾಳಿಯಲ್ಲೇ ಕೆಂಪಗೆ ಕಾದರೂ ಬೇಗ ಸುಟ್ಟುಹೋಗಲ್ಲ. ಟಂಗ್‌ಸ್ಟನ್ ಇನ್ನೂ ಬಿಸಿಯಾಗಬಲ್ಲದು, ಆದರೆ ಗಾಳಿ ತಾಗಿದರೆ ಉರಿದುಹೋಗುತ್ತೆ. ಅದನ್ನು ಕೊಳವೆಯೊಳಗೆ ಮುಚ್ಚಿ ಭದ್ರ ಮಾಡಬೇಕು. ಕ್ವಾರ್ಟ್ಜ್ ಹಿಗ್ಗಲ್ಲ, ಲೋಹ ಹಿಗ್ಗುತ್ತೆ, ಹಾಗಾದರೆ ತಂತಿ ಹೊರಗೆ ಬರುವ ಜಾಗ ಸೀಳದೆ ಇರೋದು ಹೇಗೆ? ಅಲ್ಲಿ ಕೂದಲಿಗಿಂತ ತೆಳುವಾದ ಮಾಲಿಬ್ಡಿನಂ ಹಾಳೆ ಇಟ್ಟು ಕ್ವಾರ್ಟ್ಜನ್ನು ಅದರ ಮೇಲೆ ಒತ್ತಿಬಿಡುತ್ತಾರೆ. ಅಷ್ಟು ತೆಳು ಇರುವುದರಿಂದ ಹಿಗ್ಗಿದರೂ ಒಡೆಯುವಷ್ಟು ಬಲ ಇರಲ್ಲ.

ಕಾರ್ಖಾನೆಯೊಳಗೆ

1930ರ ದಶಕದಲ್ಲಿ ಅಮೆರಿಕದ ಫೋರ್ಡ್ ಕಂಪನಿ ಕಾರಿನ ಬಣ್ಣ ಒಣಗಿಸೋಕೆ ಅವಕೆಂಪು ದೀಪಗಳನ್ನು ಸಾಲಾಗಿ ಜೋಡಿಸಿತು. ಎರಡನೇ ಮಹಾಯುದ್ಧದಲ್ಲಿ ಈ ಪದ್ಧತಿ ವೇಗವಾಗಿ ಹರಡಿತು. ಆ ದೀಪಗಳು ಗಾಜಿನ ಬುರುಡೆಗಳು. 1950ರ ದಶಕದಲ್ಲಿ ಪೆನ್ಸಿಲ್ ದಪ್ಪದ ಕ್ವಾರ್ಟ್ಜ್ ಕೊಳವೆಯೊಳಗೆ ಟಂಗ್‌ಸ್ಟನ್ ಇಟ್ಟ ಹೀಟರ್‌ಗಳು ಬಂದವು. ಚಿಕ್ಕ ಜಾಗದಲ್ಲಿ ಭಾರಿ ಕಾವು. ಆದರೆ ಟಂಗ್‌ಸ್ಟನ್ ಸ್ವಲ್ಪಸ್ವಲ್ಪವೇ ಆವಿಯಾಗಿ ಒಳಗೋಡೆಗೆ ಮಸಿ ಹಿಡಿಯುತ್ತಿತ್ತು. ಕ್ಲೀವ್‌ಲ್ಯಾಂಡಿನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಲ್ಮರ್ ಫ್ರಿಡ್ರಿಕ್ ಮತ್ತು ಎಮೆಟ್ ವೈಲಿ ಒಳಗೆ ಚೂರು ಅಯೋಡಿನ್ ಸೇರಿಸಿದರು. ಗೋಡೆಗೆ ಹೋದ ಟಂಗ್‌ಸ್ಟನ್ನನ್ನು ಅಯೋಡಿನ್ ಹಿಡಿದು ತಂದು ಮತ್ತೆ ತಂತಿಯ ಹತ್ತಿರವೇ ಬಿಡುತ್ತಿತ್ತು. 1959ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ಹ್ಯಾಲೊಜನ್ ದೀಪ. ದಶಕಗಳ ಕಾಲ ಕಾರುಗಳ ಹೆಡ್‌ಲೈಟಿನಲ್ಲಿ ಉರಿದ ದೀಪದ ಹಿಂದೆ ಹೀಟರಿನ ಮಸಿ ಸಮಸ್ಯೆ ಇತ್ತು.

ಕಾರ್ಖಾನೆಯವರು ಮೊದಲು ಕೇಳುವ ಪ್ರಶ್ನೆ "ಎಷ್ಟು ಬಿಸಿ?" ಅಂತ. ಅದರ ಜೊತೆ "ಯಾವ ಅಲೆ?" ಅಂತಲೂ ಕೇಳಬೇಕು. ನೀರು 3 ಮೈಕ್ರಾನ್ ಸುತ್ತಮುತ್ತ ಕಾವನ್ನು ಜೋರಾಗಿ ಹೀರಿಕೊಳ್ಳುತ್ತೆ. ಹಾಗಾಗಿ ನೀರು ಬೆರೆತ ಬಣ್ಣ, ಒದ್ದೆ ಕಾಗದ ಒಣಗಿಸೋಕೆ 900 ಡಿಗ್ರಿಯ ತಂತಿ ಸರಿ, ಅದರ ಶಿಖರ 2.5 ಮೈಕ್ರಾನ್. ಪ್ಲಾಸ್ಟಿಕ್ ಬಾಟಲಿಯ ಕತೆ ಬೇರೆ. ಬಾಟಲಿ ಮೊದಲು ದಪ್ಪ ಗೋಡೆಯ ಪ್ರಯೋಗನಳಿಕೆಯ ಹಾಗಿರುತ್ತೆ. ಅದನ್ನು 100 ಡಿಗ್ರಿ ಆಸುಪಾಸಿಗೆ ಕಾಯಿಸಿ, ಬಲೂನಿನ ಹಾಗೆ ಊದುತ್ತಾರೆ. ಬಿಸಿಗಾಳಿಯಲ್ಲಿ ಕಾಯಿಸಿದರೆ ಹೊರಗೆ ಬೇಯುತ್ತೆ, ಒಳಗೆ ಹಸಿಯಾಗೇ ಇರುತ್ತೆ. 2,200 ಡಿಗ್ರಿಯ ಟಂಗ್‌ಸ್ಟನ್ ಕೊಡುವ 1.2 ಮೈಕ್ರಾನ್ ಆಸುಪಾಸಿನ ಕಾವು ಸ್ವಲ್ಪಸ್ವಲ್ಪ ಹೀರಲ್ಪಡುತ್ತಾ ಗೋಡೆಯ ಒಳತನಕ ಇಳಿಯುತ್ತೆ. ಮೇಲಾಗಿ ಒಂದೆರಡು ಸೆಕೆಂಡಿನಲ್ಲಿ ಹೊತ್ತಿಕೊಳ್ಳುತ್ತೆ, ಹಾಗೇ ಆರುತ್ತೆ. ಕೆಲವು ಕೊಳವೆಗಳ ಹಿಂಬದಿಗೆ ಚಿನ್ನದ ತೆಳು ಲೇಪ ಇರುತ್ತೆ. ಹೌದು, ನಿಜವಾದ ಚಿನ್ನ. ಕಾವನ್ನು ಮುಂದಕ್ಕೆ ತಳ್ಳೋದರಲ್ಲಿ ಅದನ್ನು ಮೀರಿಸೋದು ಕಷ್ಟ.

ನಾನು ಅಳೆಯದೇ ಬಿಟ್ಟದ್ದು

ಈಗ ನನ್ನ ಕತೆ. ಆ ಕಾರ್ಖಾನೆಯಲ್ಲಿ ಲೋಹದ ಹಾಳೆಗಳ ಬಣ್ಣ ಒಣಗಿಸುವ ಲೈನ್ ಇತ್ತು. ಅವರು ನನಗೆ ಎರಡು ವರ್ಷದ ಡೇಟಾ ಕೊಟ್ಟರು. ವೋಲ್ಟೇಜ್, ಕರೆಂಟ್, ಓವನ್ನಿನ ತಾಪ, ಉರಿದ ಗಂಟೆಗಳು, ಎಲ್ಲ ಅದರಲ್ಲಿತ್ತು. ಮನೆಯಲ್ಲೇ ಕೂತು ಮಾಡೆಲ್ ಕಟ್ಟಿದೆ. ವೋಲ್ಟೇಜ್ ಏರಿಳಿತವೇ ಕಾರಣ ಅಂತ ಬಂತು. ಚೆಂದದ ಸ್ಲೈಡ್‌ಗಳನ್ನು ಮಾಡಿ, ಧೈರ್ಯವಾಗಿ ಹೇಳಿದೆ. ಅವರು ನಂಬಿ, ದುಡ್ಡು ಖರ್ಚು ಮಾಡಿ ವೋಲ್ಟೇಜ್ ಸರಿಪಡಿಸುವ ಉಪಕರಣ ಹಾಕಿಸಿದರು. ಕೊಳವೆಗಳು ಮೊದಲಿನ ಹಾಗೇ ಒಡೆಯುತ್ತಾ ಹೋದವು.

ಆಗ, ಮೊದಲ ಸಲ, ಲೈನ್ ನೋಡೋಕೆ ಹೋದೆ. ನಿವೃತ್ತಿಗೆ ಹತ್ತಿರವಿದ್ದ ಒಬ್ಬ ತಂತ್ರಜ್ಞರು ಹೊಸ ಕೊಳವೆಯ ಡಬ್ಬ ತೆರೆದರು. ಎಷ್ಟು ಹಗುರ ಇರಬಹುದು ನೋಡೋಣ ಅಂತ ನಾನು ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದು ತಡೆದರು. ಅವರ ಕೈಯಲ್ಲಿ ಹತ್ತಿಯ ಗ್ಲೌಸ್ ಇತ್ತು.

ಆಮೇಲೆ ಮೂಲೆಯಲ್ಲಿದ್ದ ಒಡೆದ ಕೊಳವೆಗಳ ಪೆಟ್ಟಿಗೆ ತೋರಿಸಿದರು. ಹಲವು ಕೊಳವೆಗಳ ಮೇಲೆ ಬಿಳಿ ಕಲೆ. ಕೆಲವು ಕಲೆಗಳ ಗಾತ್ರ, ಆಕಾರ ಸರಿಯಾಗಿ ಬೆರಳಿನ ತುದಿಯದ್ದೇ. ಬೆವರಿನ ಉಪ್ಪಿನಲ್ಲಿ ಸೋಡಿಯಂ ಇರುತ್ತೆ. ಅದು ಅಂಟಿದ ಕಡೆ, ಕಾದಾಗ, ಕ್ವಾರ್ಟ್ಜ್ ಗಾಜು ಮತ್ತೆ ಹರಳಾಗೋಕೆ ಶುರುಮಾಡುತ್ತೆ. ಹರಳಾದ ಭಾಗ ತಣ್ಣಗಾಗುವಾಗ ಬೇರೆ ರೀತಿ ಕುಗ್ಗುತ್ತೆ, ಅಲ್ಲಿಂದಲೇ ಸೀಳು ಬಿಡುತ್ತೆ. ಬರಿಗೈ ತಾಗಿದರೆ ಹಚ್ಚುವ ಮುಂಚೆ ಆಲ್ಕೋಹಾಲಿನಲ್ಲಿ ಒರೆಸಬೇಕು. ರಾತ್ರಿ ಹೊತ್ತು ಲೈನ್ ನಿಂತಾಗ ಅವಸರದಲ್ಲಿ ಕೊಳವೆ ಬದಲಾಯಿಸುವವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಟೇಬಲಿನಲ್ಲಿ ಹತ್ತಾರು ಕಾಲಂ ಇದ್ದವು. ಕೊಳವೆಯನ್ನು ಯಾವ ಕೈ ಹಿಡಿದಿತ್ತು ಅನ್ನುವ ಕಾಲಂ ಇರಲಿಲ್ಲ. ಇರೋ ಕಾಲಂಗಳಲ್ಲೇ ಉತ್ತರ ಇದೆ ಅಂತ ನಾನು ಅಂದುಕೊಂಡಿದ್ದೆ. ಹರ್ಷೆಲ್ ಕೂಡ ಹಾಗೆ ಅಂದುಕೊಂಡಿದ್ದರೆ ಕೆಂಪಿನಲ್ಲೇ ನಿಂತುಬಿಡುತ್ತಿದ್ದರು. ಅಂಕಿಗಳು ಕೈ ತೋರಿಸುತ್ತಿದ್ದ ದಿಕ್ಕಿನಲ್ಲಿ, ಬಣ್ಣ ಮುಗಿದ ಮೇಲೂ, ಅವರು ಥರ್ಮಾಮೀಟರ್ ಇಟ್ಟರು. ನಾನು ಕಾರ್ಖಾನೆಗೆ ಒಂದು ರೈಲು ಹತ್ತೋಕೂ ಸೋಮಾರಿತನ ಮಾಡಿದೆ.

ಆ ಪಾಠಕ್ಕೆ ಇವತ್ತು ಬೆಲೆ ಇನ್ನೂ ಹೆಚ್ಚು. ಯುರೋಪಿನಲ್ಲಿ ಗ್ಯಾಸ್ ಓವನ್ ಬಿಟ್ಟು ವಿದ್ಯುತ್ತಿನ ಕಾವಿಗೆ ಹೋಗುವ ಮಾತು ಎಲ್ಲ ಕಡೆ ನಡೆದಿದೆ. ಲೆಕ್ಕವನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಮಾಡಿ ಮುಗಿಸುವ ನನ್ನಂಥವರು ಆ ಮೀಟಿಂಗುಗಳಲ್ಲಿ ತುಂಬ ಜನ ಇರುತ್ತೇವೆ. ಈಗ ನಾನು ಯಾವ ಕೆಲಸ ಒಪ್ಪಿಕೊಂಡರೂ ಮೊದಲ ವಾರ ಲೈನ್ ಪಕ್ಕದಲ್ಲಿ ಕಳೆಯುತ್ತೇನೆ.

ಕೊನೆಗೆ ಒಂದು ನೆನಪು. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿ ಮನೆಯಲ್ಲಿ, ಮಳೆಗಾಲದಲ್ಲಿ, ಬಚ್ಚಲೊಲೆಯಲ್ಲಿ ಹಲಸಿನ ಹಪ್ಪಳ ಸುಡುತ್ತಿದ್ದೆವು. ನಾನು ಆಸೆಗೆ ಉರಿಯ ಹತ್ತಿರ ಹಿಡಿಯುತ್ತಿದ್ದೆ. "ಉರಿಗೆ ಹಿಡೀಬೇಡ್ವೋ, ಕೆಂಡಕ್ಕೆ ಹಿಡಿ" ಅಂತ ಅಜ್ಜಿ ಗದರುತ್ತಿದ್ದರು. ಉರಿಯಲ್ಲಿ ಹಪ್ಪಳ ಕರಕಲಾಗುತ್ತಿತ್ತು, ಬೂದಿ ಮುಚ್ಚಿದ ಕೆಂಡದ ಮೇಲೆ ಹದವಾಗಿ ಅರಳುತ್ತಿತ್ತು. 2.7 ಮೈಕ್ರಾನ್, ಹಪ್ಪಳದೊಳಗೆ ಉಳಿದ ಚೂರು ನೀರು, ಈ ಲೆಕ್ಕ ಅಜ್ಜಿಗೆ ಬೇಕಿರಲಿಲ್ಲ. ಅವರು ಒಲೆಯ ಮುಂದೆ ಕೂತು ಕಲಿತಿದ್ದರು.

ನಿಮ್ಮ ಮನೆಯಲ್ಲೂ ಕೆಂಡ, ಕಾವು, ಒಲೆ ಬಗ್ಗೆ ಹಿರಿಯರು ಹೇಳುತ್ತಿದ್ದ ಮಾತು ಇದ್ದರೆ ಕೇಳಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದುತ್ತೇನೆ. ತಪ್ಪು ಕನ್ನಡ ಆದರೂ ಪರವಾಗಿಲ್ಲ.